ಹೊಟ್ಟೆನೋವೆಂಬ ಹೆಸರಿನಲ್ಲಿ

ನೋವುಗಳಲ್ಲಿಯೂ ಮರ್ಯಾದಸ್ಥ ನೋವು, ಮರ್ಯಾದೆಯಿಲ್ಲದ ನೋವು ಎಂಬ ಭೇದವುಂಟು. ತಲೆನೋವು ಮರ್ಯಾದಸ್ಥರ ಪಂಕ್ತಿಗೆ ಸೇರಿದುದು. ಅದನ್ನು ತುಂಬಿದ ಸಭೆಯಲ್ಲಿಯೂ ಹೇಳಿಕೊಳ್ಳಬಹುದು. ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಬಂದ ಗುಮಾಸ್ತನನ್ನು ಕಂಡರೆ ಮೇಲಧಿಕಾರಿಯೂ ಮರುಗಿ ಮನೆಗೆ ಕಳುಹಿಸುತ್ತಾನೆ. ಸೊಂಟ ಹಿಡಿದವರಿಗಂತೂ ದಾರಿಯಲ್ಲಿ ಸಿಕ್ಕವರೆಲ್ಲರೂ ವೈದ್ಯರೇ. ಆದರೆ ತಿಂಗಳಿಗೊಮ್ಮೆ ತಪ್ಪದೆ ಬರುವ, ಹರೆಯದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಂಡುಂಡ ಒಂದು ನೋವಿಗೆ ಮಾತ್ರ ಈ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ಅದು ಹಿತ್ತಿಲ ಬಾಗಿಲಿನಿಂದ, ಬೇರೆಯವರ ಹೆಸರು ಹೇಳಿಕೊಂಡು ಒಳಗೆ ಬರಬೇಕು. ಆ ಎರವಲು ಹೆಸರೇ ‘ಹೊಟ್ಟೆನೋವು’.

ಕನ್ನಡದಲ್ಲಿ ಮುಟ್ಟಿಗೆ ಹೆಸರುಗಳ ಬರವೇನೂ ಇಲ್ಲ. ಹೊರಗಾದಳು, ದೂರ ಕುಳಿತಳು, ಕಾಗೆ ಮುಟ್ಟಿತು ಎಂದು ಒಂದೊಂದು ಮನೆಗೆ ಒಂದೊಂದು ಮಾತು. ಇಂದಿನ ವಿದ್ಯಾರ್ಥಿನಿಯರ ಬಾಯಲ್ಲಿ ಅದು ‘ಡೇಟ್’ ಆಗಿದೆ, ‘ಪೀರಿಯಡ್ಸ್’ ಆಗಿದೆ. ಮುಟ್ಟಬಾರದ ಸ್ಥಿತಿಗೆ ‘ಮುಟ್ಟು’ ಎಂಬ ಹೆಸರೇ ನಿಂತುದು ಭಾಷೆಯ ವಿನೋದಗಳಲ್ಲೊಂದು. ಆದರೆ ಇಷ್ಟು ಹೆಸರುಗಳಲ್ಲಿ ಒಂದಾದರೂ ನೋವಿನ ಸುದ್ದಿ ಎತ್ತುವುದಿಲ್ಲ. ಬಹುಪಾಲು ಮಾತುಗಳು ಉಳಿದವರು ಎಷ್ಟು ದೂರ ನಿಲ್ಲಬೇಕೆಂಬುದನ್ನಷ್ಟೇ ಹೇಳುತ್ತವೆ. ಆಯುರ್ವೇದದ ಪಂಡಿತರು ಮಾತ್ರ ಇದನ್ನು ನೇರವಾಗಿ ‘ಕಷ್ಟಾರ್ತವ’ವೆಂದು ಕರೆದರು. ಹನ್ನೆರಡನೆಯ ಶತಮಾನದ ಶರಣರು ಉಳಿದ ಸೂತಕಗಳೊಡನೆ ರಜಸ್ಸೂತಕವನ್ನೂ ತಳ್ಳಿಹಾಕಿದ್ದರು. ಅದಾಗಿ ಎಂಟು ನೂರು ವರ್ಷಗಳು ಕಳೆದ ಮೇಲೂ ಅಂಗಡಿಯಾತ ಪ್ಯಾಡಿನ ಕಟ್ಟನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಪ್ಪು ಚೀಲದೊಳಗಿಟ್ಟೇ ಕೈಗೆ ಕೊಡುತ್ತಾನೆ.

ವಿದ್ಯಾರ್ಥಿನಿಯರ ವಸತಿಗೃಹಗಳಿರುವ ಬೀದಿ ಮೈಸೂರಿನದಾಗಲಿ ಧಾರವಾಡದ್ದಾಗಲಿ, ಅದರ ತಿರುವಿನಲ್ಲಿ ಒಂದು ಔಷಧದ ಅಂಗಡಿ ಇರುವುದು ವಾಡಿಕೆ. ಹುಡುಗಿ ಬರುತ್ತಾಳೆ, ಗಂಡಸು ಗಿರಾಕಿಗಳು ಸರಿಯುವವರೆಗೆ ಬದಿಗೆ ನಿಲ್ಲುತ್ತಾಳೆ, ಆಮೇಲೆ, “ಅಣ್ಣಾ, ಹೊಟ್ಟೆನೋವಿಗೆ ಮಾತ್ರೆ ಕೊಡಿ” ಎನ್ನುತ್ತಾಳೆ. “ಎಷ್ಟು ಕೊಡಲಮ್ಮಾ?” ಎಂಬುದಷ್ಟೇ ಅವನ ಪ್ರಶ್ನೆ. ಯಾವ ಹೊಟ್ಟೆನೋವೆಂದು ಕೇಳುವುದಕ್ಕೆ ಅವನಿಗೆ ಸಂಕೋಚ, ಹೇಳುವುದಕ್ಕೆ ಇವಳಿಗೆ ಸಂಕೋಚ. ತಿಂಡಿಯಾಗಿದೆಯೆ, ಜ್ವರವಿದೆಯೆ, ಬೇರೆ ಯಾವುದಾದರೂ ಮಾತ್ರೆ ನುಂಗಿದ್ದೀರಾ ಎಂದು ಕೇಳಲೇಬೇಕಾದ ಮಾತುಗಳು ಈ ಎರಡು ಸಂಕೋಚಗಳ ನಡುವಣ ಸಂದಿಯಲ್ಲಿ ಬಿದ್ದು ಕಾಣೆಯಾಗುತ್ತವೆ. ಅಂಗಡಿಯಾತ ನಿಜವಾಗಿಯೂ ಜಠರದ ತೊಂದರೆಯೆಂದೇ ತಿಳಿದು ಆಮ್ಲಪಿತ್ತದ ಮಾತ್ರೆಯನ್ನು ಕೊಟ್ಟುಬಿಡುವುದೂ ಉಂಟು. ಅದನ್ನು ನುಂಗಿದವಳು ಮಧ್ಯಾಹ್ನದವರೆಗೆ ಮುದುಡಿಕೊಂಡು ಮಲಗುತ್ತಾಳೆ. ಔಷಧವೇ ನಾಟದ ನೋವೆಂದು ತಿಳಿದುಕೊಳ್ಳುತ್ತಾಳೆ.

ಅಂಗಡಿಯಾದರೂ ಎರಡನೆಯ ಮೆಟ್ಟಿಲು. ಮೊದಲನೆಯದು ಪಕ್ಕದ ಮಂಚ. “ಅಕ್ಕಾ, ನಿಮ್ಮ ಹತ್ತಿರ ಮಾತ್ರೆ ಇದೆಯಾ?” ಎಂದು ಕಿರಿಯಳು ಕೇಳಿದರೆ, ಕೊನೆಯ ವರ್ಷದ ಅಕ್ಕ ಕೈಚೀಲದಿಂದ ಪಟ್ಟಿಯನ್ನು ತೆಗೆದು, “ಈಗ ಒಂದು ತಗೋ, ಕಡಿಮೆಯಾಗದಿದ್ದರೆ ಇನ್ನೊಂದು ತಗೋ” ಎಂದು ಉಪದೇಶಿಸುತ್ತಾಳೆ. ಆ ಅಕ್ಕನಿಗೆ ಹೇಳಿಕೊಟ್ಟವಳು ಅವಳ ಚಿಕ್ಕಮ್ಮನ ಮಗಳು; ಆಕೆಗೆ ಮತ್ತಾರೋ. ಹತ್ತು ವರ್ಷಗಳ ಹಿಂದೆ ಯಾವುದೋ ಊರಿನ ವೈದ್ಯರು ಯಾರಿಗೋ ಬರೆದುಕೊಟ್ಟ ಚೀಟಿ ಹೀಗೆ ಬಾಯಿಂದ ಬಾಯಿಗೆ ಜನಪದ ಗೀತೆಯಂತೆ ಹರಿದುಬರುತ್ತದೆ; ಜನಪದ ಗೀತೆಯಂತೆಯೇ ಅದಕ್ಕೆ ಪಾಠಾಂತರಗಳೂ ಹಲವು. ಮೂಲದಲ್ಲಿದ್ದ ‘ಊಟವಾದ ಮೇಲೆ’ ಎಂಬ ಎರಡು ಪದಗಳು ಎಲ್ಲಿ ಲೋಪವಾದವೆಂಬುದನ್ನು ಯಾವ ಸಂಶೋಧಕನೂ ಹೇಳಲಾರ. ವೈದ್ಯಕೀಯವನ್ನು, ದಾದಿಯರ ವಿದ್ಯೆಯನ್ನು ಓದುವ ಹುಡುಗಿಯರೂ ಈ ಪರಂಪರೆಗೆ ಹೊರತಾದವರಲ್ಲ. ಅವರಿಗೆ ಮಾತ್ರೆಯ ಹೆಸರು ಚೆನ್ನಾಗಿ ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ಇದನ್ನು ಕೇಳಿದ ಹಿರಿಯರು ಈಗಿನ ಹುಡುಗಿಯರಿಗೆ ತಾಳ್ಮೆಯೇ ಇಲ್ಲವೆಂದು ತೀರ್ಪಿತ್ತುಬಿಡುವ ಮುನ್ನ ಆ ನೋವು ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿಯುವುದು ಮೇಲು. ಗರ್ಭಕೋಶದ ಒಳಪದರವು ತಿಂಗಳು ತಿಂಗಳೂ ಗರ್ಭವನ್ನು ಎದುರುನೋಡುತ್ತ ದಪ್ಪವಾಗುತ್ತದೆ. ಗರ್ಭ ನಿಲ್ಲದೆ ಹೋದಾಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಮಟ್ಟ ಇಳಿದು, ಪದರ ಕಳಚತೊಡಗುತ್ತದೆ. ಕಳಚುವ ಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯ ಹುಟ್ಟುತ್ತದೆ. ಗರ್ಭಕೋಶದ ಸ್ನಾಯುವನ್ನು ಹಿಂಡಿಸಿ ಒಳಗಿನದನ್ನು ಹೊರಹಾಕಿಸುವುದು ಅದರ ಕೆಲಸ. ಈ ದ್ರವ್ಯ ಮಿತಿಮೀರಿದವರಲ್ಲಿ ಸ್ನಾಯು ತನ್ನದೇ ರಕ್ತನಾಳಗಳನ್ನು ಅಮುಕುವಷ್ಟು ಬಿಗಿಯುತ್ತದೆ. ರಕ್ತ ಸಾಲದ ಸ್ನಾಯು ನೋಯುತ್ತದೆ. ಹೃದಯಕ್ಕೆ ರಕ್ತ ಸಾಲದಾದಾಗ ಎದೆ ನೋಯುವುದೂ ಇದೇ ನ್ಯಾಯದಿಂದ. ಅಲ್ಲಿ ಮಾತ್ರ ಯಾರೂ ತಾಳ್ಮೆಯ ಪಾಠ ಹೇಳುವುದಿಲ್ಲ. ಅದೇ ದ್ರವ್ಯ ರಕ್ತದಲ್ಲಿ ಸೇರಿ ಕರುಳನ್ನು ಕೆಣಕುವುದರಿಂದ ಕೆಲವರಿಗೆ ವಾಂತಿ, ಭೇದಿ, ತಲೆನೋವು, ಬವಳಿ ಎಲ್ಲವೂ ಒಟ್ಟಿಗೆ ಬರುತ್ತವೆ. ಋತುಮತಿಯಾದ ಒಂದೆರಡು ವರ್ಷಗಳಲ್ಲಿ ಈ ನೋವು ಆರಂಭವಾಗುವುದೇ ಹೆಚ್ಚು. ಸ್ರಾವಕ್ಕೆ ಕೆಲವು ಗಂಟೆ ಮೊದಲೋ ಅದರೊಡನೆಯೋ ಬಂದು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ.

ಈ ದ್ರವ್ಯದ ಕಥೆಯೂ ಸ್ವಾರಸ್ಯವಾದುದು. 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಅದಕ್ಕೆ ಹೆಸರಿಟ್ಟಾಗ, ಅದು ಗಂಡಸಿನ ಪ್ರಾಸ್ಟೇಟ್ ಗ್ರಂಥಿಯಿಂದ ಬರುವುದೆಂದು ಭಾವಿಸಿ ಆ ಗ್ರಂಥಿಯ ಹೆಸರನ್ನೇ ಕೊಟ್ಟರು. ಹೀಗೆ ಹೆಣ್ಣಿನ ನೋವಿನ ಮೂಲಕ್ಕೆ ಗಂಡಿನ ಅಂಗದ ಹೆಸರು ಅಂಟಿಕೊಂಡಿತು. 1957ರಲ್ಲಿ ಪಿಕಲ್ಸ್ ಎಂಬ ಆಂಗ್ಲ ವಿಜ್ಞಾನಿ ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಹಿಂಡಿಸುವ ವಸ್ತುವೊಂದಿದೆಯೆಂದು ತೋರಿಸಿದರು. ಅದು ಪ್ರೊಸ್ಟಗ್ಲಾಂಡಿನ್ನೇ ಎಂಬುದು ಮುಂದೆ ತಿಳಿಯಿತು. ಆಸ್ಪಿರಿನ್ನಿನಂತಹ ಔಷಧಗಳು ಈ ದ್ರವ್ಯದ ಉತ್ಪತ್ತಿಯನ್ನೇ ತಡೆಯುತ್ತವೆಂದು 1971ರಲ್ಲಿ ಜಾನ್ ವೇನ್ ಕಂಡುಹಿಡಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರೆಯಿತು. ಅಲ್ಲಿಯವರೆಗೆ ಈ ನೋವನ್ನು ಹುಡುಗಿಯ ಮನಸ್ಸಿನ ದೌರ್ಬಲ್ಯವೆಂದು ಬಗೆದ ವೈದ್ಯರು ಕಡಿಮೆಯಿರಲಿಲ್ಲ. ಮದುವೆಯಾದರೆ ಸರಿಹೋಗುತ್ತದೆ ಎಂಬ ಮಾತು ನಮ್ಮ ಅಜ್ಜಿಯಂದಿರದು ಮಾತ್ರವಲ್ಲ. ಹೆರಿಗೆಯ ಅನಂತರ ಹಲವರಿಗೆ ನೋವು ತಗ್ಗುವುದು ನಿಜವೇ. ಆದರೆ ನಾಳೆ ಬೆಳಿಗ್ಗೆ ಪರೀಕ್ಷೆ ಬರೆಯಬೇಕಾದ ಹತ್ತೊಂಬತ್ತರ ಹುಡುಗಿಗೆ ಅದನ್ನು ಔಷಧವೆಂದು ಹೇಳುವವರಿಗೆ ಏನೆನ್ನಬೇಕು?

ಆದ್ದರಿಂದ ಮೆಫೆನಾಮಿಕ್ ಆಮ್ಲ, ಐಬುಪ್ರೊಫೇನ್, ನ್ಯಾಪ್ರಾಕ್ಸೆನ್ ಮೊದಲಾದ ಮಾತ್ರೆಗಳು ನೋವಿನ ಬೇರಿಗೇ ಕೈಹಾಕುತ್ತವೆಂಬುದು ನಿರ್ವಿವಾದ. ಎಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಯಂತೆ, ಹುಸಿಮಾತ್ರೆ ನುಂಗಿದ ನೂರರಲ್ಲಿ 18 ಮಂದಿಗೆ ಸಾಕಷ್ಟು ಉಪಶಮನವಾದರೆ, ಈ ವರ್ಗದ ಮಾತ್ರೆ ನುಂಗಿದ ನೂರರಲ್ಲಿ 45ರಿಂದ 53 ಮಂದಿಗೆ ಆಗುತ್ತದೆ. ಈ ಲೆಕ್ಕವನ್ನು ಎರಡು ಕಡೆಯಿಂದಲೂ ಓದಬೇಕು. ಮಾತ್ರೆಯಲ್ಲಿ ಹುರುಳಿದೆ, ಆದರೆ ಸುಮಾರು ಅರ್ಧದಷ್ಟು ಮಂದಿಗೆ ಅದರಿಂದ ಸಾಕಷ್ಟು ಗುಣ ಕಾಣುವುದಿಲ್ಲ. ಆ ಅರ್ಧದಲ್ಲಿ ಸೇರಿದವಳು, ಗೆಳತಿಗೆ ನಾಟಿದ ಮದ್ದು ತನಗೇಕೆ ನಾಟದೆಂದು ಎರಡನೆಯದನ್ನೂ ಮೂರನೆಯದನ್ನೂ ನುಂಗತೊಡಗುತ್ತಾಳೆ. ಅನಾಹುತ ಹುಟ್ಟುವುದು ಇಲ್ಲಿ.

ಹೊತ್ತಿನ ವಿಚಾರವೂ ಒಂದುಂಟು. ಮಾತ್ರೆ ಹೊಸ ಪ್ರೊಸ್ಟಗ್ಲಾಂಡಿನ್ ಹುಟ್ಟುವುದನ್ನು ತಡೆಯುತ್ತದೆಯೇ ಹೊರತು ಆಗಲೇ ಹುಟ್ಟಿರುವುದನ್ನು ಅಳಿಸುವುದಿಲ್ಲ. ನೋವಿನ ಮೊದಲ ಸುಳಿವಿನಲ್ಲಿ ನುಂಗಿದರೆ ಫಲ ಹೆಚ್ಚು. ನಮ್ಮ ಹುಡುಗಿಯರಲ್ಲಿ ಹಲವರು ಮಾಡುವುದು ಇದಕ್ಕೆ ತೀರ ವಿರುದ್ಧ. ಮಾತ್ರೆ ಚಟವಾದೀತು, ಗರ್ಭಚೀಲ ಕೆಟ್ಟೀತು, ಮುಂದೆ ಮಕ್ಕಳಾಗದೆ ಹೋದೀತು ಎಂಬ ಭಯದಿಂದ ಕಣ್ಣು ಕತ್ತಲಿಡುವವರೆಗೆ ತಡೆದುಕೊಂಡು, ಕೊನೆಗೆ ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಮುಟ್ಟಿನ ಒಂದೆರಡು ದಿನ ತಕ್ಕ ಅಳತೆಯಲ್ಲಿ ನುಂಗಿದ ಮಾತ್ರೆ ಬಂಜೆತನ ತರುವುದೆಂಬುದಕ್ಕೆ ಆಧಾರವಿಲ್ಲ. ಅತಿಯಾದ ಭಯವೂ ಅತಿಯಾದ ಧೈರ್ಯವೂ ಒಂದೇ ಮನೆಯ ಮಕ್ಕಳೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ನಿಜವಾದ ಅಪಾಯ ಇರುವುದು ಬೇರೆಡೆ. ಗರ್ಭಕೋಶವನ್ನು ಹಿಂಡುವ ದ್ರವ್ಯದ ಬಂಧುಗಳೇ ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಹರಿಯಿಸುತ್ತವೆ. ಮಾತ್ರೆ ಕಳ್ಳನನ್ನು ಹಿಡಿಯಲು ಹೋಗಿ ಕಾವಲುಗಾರನನ್ನೂ ಕಟ್ಟಿಹಾಕುತ್ತದೆ. ನೋವಿನ ದಿನ ವಿದ್ಯಾರ್ಥಿನಿಲಯದ ಊಟದ ಮನೆಯವರೆಗೆ ನಡೆಯಲಾರದೆ ಬೆಳಗಿನ ತಿಂಡಿ ತಪ್ಪುತ್ತದೆ; ಬರಿಯ ಕಾಫಿಯ ಮೇಲೆ ಮಾತ್ರೆ ಇಳಿಯುತ್ತದೆ. ವಾಂತಿ ಭೇದಿಗಳಿಂದ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೂ ಕಷ್ಟ. ತಿಂಗಳು ತಿಂಗಳೂ ಹೀಗಾದರೆ ಜಠರದಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರುವುದೂ ಅಸಂಭವವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಮಹಿಳೆಯರ ಪೈಕಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂದಿತು. ಅಂಥವರ ಮೈಯಿಂದ ಎರಡು ದಾರಿಗಳಲ್ಲಿ ರಕ್ತ ಹೋದರೆ ಉಳಿಯುವುದೇನು?

ಇನ್ನು ಹೆಸರುಗಳ ಮಾಯೆ. ಸೈಕ್ಲೋಪಾಮ್ ಎಂಬ ಮಾತ್ರೆಯಲ್ಲಿ ಡೈಸೈಕ್ಲೋಮಿನ್ ಜೊತೆಗೆ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಕಾಂಬಿಫ್ಲಾಮಿನಲ್ಲಿ ಐಬುಪ್ರೊಫೇನಿನೊಡನೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಡೋಲೊ 650 ಎಂಬುದರ ಹೆಸರಿನಲ್ಲೇ ಪ್ಯಾರಸಿಟಮಾಲಿನ ಅಳತೆಯಿದೆ. ಮೂರೂ ಬೇರೆ ಬೇರೆ ಔಷಧಗಳೆಂದು ತಿಳಿದು ಒಂದು ಗಂಟೆಯೊಳಗೆ ಒಂದೊಂದನ್ನು ನುಂಗಿದವಳ ಯಕೃತ್ತಿಗೆ ಒಟ್ಟು 1475 ಮಿಲಿಗ್ರಾಂ ಪ್ಯಾರಸಿಟಮಾಲ್ ಸೇರಿತು. ದಿನಕ್ಕೆ ಮೂರು ಸಲ ಹಾಗೆ ಮಾಡಿದರೆ, ವಯಸ್ಕರಿಗೆ ದಿನಕ್ಕೆ ಹೇಳಿರುವ 4000ದ ಗಡಿಯನ್ನು ದಾಟಿದಳು. ಕಾಂಬಿಫ್ಲಾಮಿನ ಮೇಲೆ ಮೆಫ್ತಾಲ್ ನುಂಗಿದವಳು ಒಂದೇ ವರ್ಗದ ಎರಡು ಔಷಧಗಳನ್ನು ಕೂಡಿಸಿದಳು. ಅದರಿಂದ ಹೆಚ್ಚುವುದು ಗುಣಕ್ಕಿಂತ ಮಿಗಿಲಾಗಿ ಹೊಟ್ಟೆಯ ಹುಣ್ಣು. ಪಟ್ಟಿಯ ಹಿಂಬದಿಯ ಸಣ್ಣಕ್ಷರದಲ್ಲಿ ಇದೆಲ್ಲವೂ ಅಚ್ಚಾಗಿದೆ. ಆದರೆ ಅಂಗಡಿಯಾತ ಎರಡೇ ಮಾತ್ರೆಗಳನ್ನು ಕತ್ತರಿಸಿ ಕೊಟ್ಟಾಗ ಹೆಸರಿರುವ ತುಂಡು ಅವನ ಡಬ್ಬಿಯಲ್ಲೇ ಉಳಿದಿರುತ್ತದೆ.

ಮಳೆಗಾಲದಲ್ಲಿ ಮತ್ತೊಂದು ಎಚ್ಚರಿಕೆ ಬೇಕು. ಡೆಂಗಿ ಜ್ವರವಿದ್ದಾಗ ಆಸ್ಪಿರಿನ್, ಐಬುಪ್ರೊಫೇನ್, ಮೆಫೆನಾಮಿಕ್ ಆಮ್ಲಗಳ ವರ್ಗದ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಜ್ವರದ ಮೈಕೈನೋವಿನ ಜೊತೆಗೇ ಮುಟ್ಟು ಬಂದರೆ, ಎಂದಿನ ನೋವೆಂದು ಭಾವಿಸಿ ಎಂದಿನ ಮಾತ್ರೆ ನುಂಗುವುದು ಬಹಳ ಸುಲಭ. ಆಸ್ತಮಾ ಇರುವ ಕೆಲವರಿಗೂ ಈ ಮಾತ್ರೆಗಳಿಂದ ಉಬ್ಬಸ ಕೆರಳುತ್ತದೆ.

2023ರ ಕೊನೆಯಲ್ಲಿ ಈ ವಿಷಯ ಒಮ್ಮೆ ಪತ್ರಿಕೆಗಳಿಗೆ ಬಂದಿತ್ತು. ಗಾಜಿಯಾಬಾದಿನ ಭಾರತೀಯ ಔಷಧ ಸಂಹಿತಾ ಆಯೋಗವು ಆ ವರ್ಷದ ನವೆಂಬರ್ 30ರಂದು ಮೆಫೆನಾಮಿಕ್ ಆಮ್ಲದ ಬಗೆಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ‘ಡ್ರೆಸ್’ ಎಂಬ ಸಂಕ್ಷೇಪನಾಮದ ಒಂದು ತೀವ್ರ ಒಗ್ಗದಿರುವಿಕೆ ಅದರಿಂದ ಬರಬಹುದು: ಮೈಮೇಲೆ ದದ್ದು, ಜ್ವರ, ಗಂಟಲು ಕಂಕುಳುಗಳಲ್ಲಿ ಗಡ್ಡೆ, ಜೊತೆಗೆ ಯಕೃತ್ತು ಮೂತ್ರಪಿಂಡಗಳಂಥ ಒಳಾಂಗಗಳಿಗೆ ಪೆಟ್ಟು. ಇದು ಮಾತ್ರೆ ಆರಂಭಿಸಿದ ಎರಡರಿಂದ ಎಂಟು ವಾರಗಳಲ್ಲಿ ಕಾಣಿಸಿಕೊಳ್ಳುವುದು ವಾಡಿಕೆಯಾದುದರಿಂದ ಹಿಂದಿನ ತಿಂಗಳ ಮಾತ್ರೆಯನ್ನೂ ಈ ತಿಂಗಳ ದದ್ದನ್ನೂ ಕೂಡಿಸಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ಸುದ್ದಿ ಬಂದ ವಾರ ಹಾಸ್ಟೆಲಿನಿಂದ ಹಾಸ್ಟೆಲಿಗೆ ಭೀತಿ ಹಬ್ಬಿತು, ತಿಂಗಳೊಂದರಲ್ಲಿ ಮರೆತೂಹೋಯಿತು. ಎರಡೂ ಸರಿಯಲ್ಲ. ಆ ವ್ಯಾಧಿ ಅಪರೂಪದ್ದು. ಆಯೋಗ ಔಷಧವನ್ನು ನಿಷೇಧಿಸಲೂ ಇಲ್ಲ. ಎಚ್ಚರದಿಂದ ಗಮನಿಸಿರಿ, ದದ್ದು ಜ್ವರ ಕಂಡರೆ ವೈದ್ಯರ ಬಳಿಗೆ ಓಡಿರಿ ಎಂಬುದಷ್ಟೇ ಅದರ ತಾತ್ಪರ್ಯ.

ಈ ಮಾತ್ರೆ 1945ರ ಔಷಧ ನಿಯಮಗಳ ಎಚ್ ಪರಿಶಿಷ್ಟದಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಕಾನೂನನ್ನು ಬಿಗಿಮಾಡಿದರೆ ಎಲ್ಲವೂ ಸರಿಹೋಗುವುದೆಂದು ಹೇಳುವ ಮಹನೀಯರಿದ್ದಾರೆ. ನಾಳೆಯಿಂದಲೇ ಬಿಗಿಮಾಡಿದರೆ, ಬೆಳಗಿನ ಎಂಟು ಗಂಟೆಗೆ ನೋವಿನಿಂದ ಬೆವರುತ್ತಿರುವವಳು ಚೀಟಿಗಾಗಿ ಎಲ್ಲಿಗೆ ಹೋಗಬೇಕು? ಖಾಸಗಿ ವೈದ್ಯರ ಶುಲ್ಕ ಅವಳ ವಾರದ ಕೈಖರ್ಚನ್ನು ನುಂಗುತ್ತದೆ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಎರಡು ತರಗತಿಗಳ ಹಾಜರಿ ಹೋಗುತ್ತದೆ. ಹಳ್ಳಿಯಿಂದ ಬಂದವಳಿಗೆ ಸ್ತ್ರೀರೋಗ ತಜ್ಞರೆಂಬ ಫಲಕವೇ ಹೆದರಿಕೆ. ಮದುವೆಯಾಗದ ಹುಡುಗಿ ಆ ಬಾಗಿಲಿನಿಂದ ಹೊರಬರುವುದನ್ನು ಊರಿನವರು ಯಾರಾದರೂ ಕಂಡರೆ ಮನೆಗೆ ಯಾವ ಸುದ್ದಿ ತಲುಪೀತೆಂಬುದು ಅವಳಿಗೆ ಗೊತ್ತು. ಒಳಪರೀಕ್ಷೆ ಮಾಡುತ್ತಾರೇನೋ ಎಂಬ ಭಯ ಬೇರೆ. ಸಾಧಾರಣ ಮುಟ್ಟುನೋವಿಗೆ ಅದರ ಅಗತ್ಯವೇ ಇಲ್ಲ, ಕೇಳಿ ತಿಳಿಯುವುದರಲ್ಲಿಯೇ ಮುಕ್ಕಾಲು ಪಾಲು ರೋಗನಿರ್ಣಯ ಮುಗಿಯುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗಾಗಿ 2014ರಲ್ಲಿ ಕೇಂದ್ರ ಸರ್ಕಾರ ಕಿಶೋರ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದರ ಚಿಕಿತ್ಸಾಲಯಗಳಿಗೆ ‘ಸ್ನೇಹ’ ಎಂಬ ಸೊಗಸಾದ ಹೆಸರಿದೆ. ಪದವಿಯ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಹುಡುಗಿ ಆ ಸ್ನೇಹದ ವಯಸ್ಸನ್ನು ದಾಟಿರುತ್ತಾಳೆ!

ಅಜ್ಜಿಯರ ಕಾಲದಲ್ಲಿ ಮಾತ್ರೆಯಿರಲಿಲ್ಲ. ಜೀರಿಗೆ ಕಷಾಯ, ಓಮದ ನೀರು, ಶುಂಠಿ ಬೆಲ್ಲ, ಹೊಟ್ಟೆಯ ಮೇಲೆ ಬಿಸಿನೀರಿನ ಶಾಖ ಇದ್ದವು. ಹಿತ್ತಿಲ ಗಿಡ ಮದ್ದಲ್ಲವೆಂದು ಇವನ್ನು ಕಡೆಗಣಿಸುವುದು ಬೇಡ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಳಹೊಟ್ಟೆಗೆ ಎಡೆಬಿಡದೆ ಕೊಟ್ಟ ಹಿತವಾದ ಶಾಖ ಐಬುಪ್ರೊಫೇನಿನಷ್ಟೇ ಗುಣಕೊಟ್ಟಿತು. ಶುಂಠಿಯ ಪರವಾಗಿಯೂ ಕೆಲವು ಪ್ರಯೋಗಗಳಿವೆ. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆಯ ವ್ಯಾಯಾಮದಿಂದ ನೋವು ತಗ್ಗಬಹುದೆಂದು 2019ರ ಮತ್ತೊಂದು ವಿಮರ್ಶೆ ಹೇಳುತ್ತದೆ. ಹೊರಗೆ ಕೂರಿಸುವ ಪದ್ಧತಿಯ ಅವಮಾನವನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೂ ಅನುಕೂಲಸ್ಥರ ಮನೆಗಳಲ್ಲಿ ಆ ಮೂರು ದಿನ ನೀರು ಸೇದುವುದೂ ರುಬ್ಬುವುದೂ ತಪ್ಪುತ್ತಿತ್ತು. ಹೊಲದ ಕೂಲಿಯವಳಿಗೆ ಅದೂ ಇರಲಿಲ್ಲ. ಇಂದಿನ ಹುಡುಗಿ ಹೊರಗೆ ಕೂರುವುದಿಲ್ಲ, ಒಳ್ಳೆಯದೇ ಆಯಿತು. ಆದರೆ ಕೂರುವುದಕ್ಕೆ ಅವಳಿಗೆ ಒಳಗೂ ಜಾಗವಿಲ್ಲ. ಎಂಟು ಮಂದಿಗೆ ಒಂದು ಬಚ್ಚಲಿರುವ ವಸತಿಗೃಹದಲ್ಲಿ ಬಿಸಿನೀರಿನ ಚೀಲಕ್ಕೆ ನೀರು ಕಾಯಿಸಲು ವಾರ್ಡನ್ ಅಮ್ಮನವರ ಅಪ್ಪಣೆ ಬೇಕು; ಮಾತ್ರೆಗೆ ಯಾರ ಅಪ್ಪಣೆಯೂ ಬೇಡ.

ಹೊಟ್ಟೆನೋವೆಂಬ ಎರವಲು ಹೆಸರಿನಿಂದ ಆಗುವ ಅತಿ ದೊಡ್ಡ ನಷ್ಟವನ್ನು ಇನ್ನೂ ಹೇಳಿಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಬಳಿಯೋ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ರೋಗವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ, ಲೋಕದಲ್ಲಿ ಒಟ್ಟು 19 ಕೋಟಿ ಮಂದಿಗೆ, ಈ ಬಾಧೆಯಿದೆ. ಇದರ ನೋವೂ ಮೊದಮೊದಲು ಎಲ್ಲರ ಮುಟ್ಟುನೋವಿನಂತೆಯೇ ತೋರುತ್ತದೆ. ಬರಬರುತ್ತ ವರ್ಷದಿಂದ ವರ್ಷಕ್ಕೆ ಏರುತ್ತದೆ. ಸ್ರಾವ ನಿಂತ ಮೇಲೂ ಉಳಿಯುತ್ತದೆ. ಮುಟ್ಟಿನ ದಿನಗಳಲ್ಲಿ ಮಲಮೂತ್ರ ವಿಸರ್ಜನೆಯೂ ಯಾತನೆಯಾಗುತ್ತದೆ. ರೋಗ ಆರಂಭವಾದ ಎಷ್ಟೋ ವರ್ಷಗಳ ಮೇಲೆ, ಹಲವು ವೇಳೆ ಮದುವೆಯಾಗಿ ಮಕ್ಕಳಾಗಲಿಲ್ಲವೆಂದು ವೈದ್ಯರ ಬಳಿಗೆ ಹೋದಾಗಲೇ, ಅದರ ಹೆಸರು ಹೊರಬೀಳುತ್ತದೆ. ಅಲ್ಲಿಯವರೆಗೆ ಎಲ್ಲರಿಗೂ ಇದ್ದದ್ದೇ ಎಂಬ ಮಾತೂ, ಕೈಚೀಲದೊಳಗಿನ ಮಾತ್ರೆಯೂ ಕೂಡಿ ಅದನ್ನು ಮುಚ್ಚಿಡುತ್ತವೆ. ಮಾತ್ರೆ ನುಂಗುವುದು ಇಲ್ಲಿ ತಪ್ಪಲ್ಲ. ನುಂಗಿದ ಮಾತ್ರೆ ಕೆಲಸ ಮಾಡಲಿಲ್ಲವೆಂಬ ಸಂಗತಿಯನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವುದು ತಪ್ಪು.

ಮಾತ್ರೆಗಳ ಮಾತು ಬಂದುದರಿಂದ ಅದರ ಸೋದರಸಂಬಂಧಿಯೊಂದನ್ನೂ ಹೇಳಬೇಕು. ಅಕ್ಕನ ಮದುವೆ, ಗೃಹಪ್ರವೇಶ, ವರಮಹಾಲಕ್ಷ್ಮಿ ವ್ರತಗಳ ನಿಮಿತ್ತ ಮುಟ್ಟನ್ನು ಮುಂದೂಡುವ ನಾರ್ಎಥಿಸ್ಟರಾನ್ ಮಾತ್ರೆಗಳು ತಾಯಂದಿರ ಕೈಯಿಂದಲೇ ಮಗಳಿಗೆ ಸಿಗುತ್ತವೆ. ನೋವಿಗೆ ಮಾತ್ರೆ ಬೇಡವೆನ್ನುವ ತಾಯಿಯೇ ಹಬ್ಬಕ್ಕೆ ಹಾರ್ಮೋನು ನುಂಗಿಸುತ್ತಾಳೆ! ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಯಕೃತ್ತಿನ ಬೇನೆಯಿರುವವರಿಗೆ ಅದು ಸಲ್ಲದು. ಅದನ್ನು ಕೇಳಿ ನೋಡಿ ಕೊಡಬೇಕಾದವರು ವೈದ್ಯರು.

ಕಾಲೇಜುಗಳೇನು ಮಾಡಬಹುದೆಂಬ ಪ್ರಶ್ನೆಗೆ ಕೇರಳ ಒಂದು ಉತ್ತರ ಕೊಟ್ಟಿದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯವು 2023ರ ಜನವರಿಯಲ್ಲಿ ವಿದ್ಯಾರ್ಥಿನಿಯರ ಹಾಜರಿಯ ಕೊರತೆಯಲ್ಲಿ ನೂರಕ್ಕೆ ಎರಡರಷ್ಟು ಹೆಚ್ಚಿನ ವಿನಾಯಿತಿ ಕೊಟ್ಟಿತು. ಅದೇ ತಿಂಗಳು ಅಲ್ಲಿನ ಸರ್ಕಾರ ಆ ಕ್ರಮವನ್ನು ಉಳಿದ ವಿಶ್ವವಿದ್ಯಾನಿಲಯಗಳಿಗೂ ಹಬ್ಬಿಸಿತು. ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರ್ 9ರಂದು ದುಡಿಯುವ ಮಹಿಳೆಯರಿಗೆ ವೇತನಸಹಿತವಾಗಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ಋತುಚಕ್ರ ರಜೆಗೆ ಒಪ್ಪಿಗೆಯಿತ್ತಿತು. ಉಪನ್ಯಾಸಕಿಗೆ ಸಲ್ಲುವ ಈ ರಜೆಯ ನೀತಿಯಲ್ಲಿ ಎದುರಿಗೆ ಕುಳಿತ ವಿದ್ಯಾರ್ಥಿನಿಯ ಮಾತಿಲ್ಲ. ರಜೆಯಿಂದಲೇ ನೋವು ಹೋಗುವುದಿಲ್ಲ, ನಿಜ. ಆದರೆ ಹಾಜರಿಯ ಭಯವಿಲ್ಲದವಳು ಎರಡನೆಯ ಮಾತ್ರೆಯನ್ನು ನುಂಗುವ ಬದಲು ಎರಡು ಗಂಟೆ ಮಲಗಿಯಾಳು.

ವೈದ್ಯರಲ್ಲಿಗೆ ಹೋಗುವವಳು ಬರಿಗೈಯಲ್ಲಿ ಹೋಗಬಾರದು. ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಂಥದೊಂದು ಸಾಕು. ಮುಟ್ಟು ಆರಂಭವಾದ ದಿನ, ನಿಂತ ದಿನ, ನೋವು ಎಂದು ಹತ್ತಿ ಎಂದು ಇಳಿಯಿತು, ದಿನಕ್ಕೆಷ್ಟು ಪ್ಯಾಡು ಬದಲಾದವು, ಯಾವ ಮಾತ್ರೆಯನ್ನು ಎಷ್ಟು ಗಂಟೆಗೆ ನುಂಗಿ ಎಷ್ಟು ಗುಣ ಕಂಡಳು ಎಂಬುದನ್ನು ಮೂರು ತಿಂಗಳು ಗುರುತು ಹಾಕಿಕೊಂಡರೆ, ಐದು ನಿಮಿಷದಲ್ಲಿ ವೈದ್ಯರು ತಿಳಿಯಬೇಕಾದುದೆಲ್ಲ ಆ ಹಾಳೆಗಳಲ್ಲಿರುತ್ತದೆ. ಗಂಟೆಗೊಂದು ಪ್ಯಾಡು ತೊಯ್ಯುವಷ್ಟು ಸ್ರಾವವಿದ್ದರೆ, ನೋವಿನೊಡನೆ ಜ್ವರವಿದ್ದರೆ, ಎಂದೂ ಇಲ್ಲದ ನೋವು ಹಠಾತ್ತಾಗಿ ಬಂದರೆ ಮೂರು ತಿಂಗಳು ಕಾಯುವ ಮಾತಿಲ್ಲ, ಆ ದಿನವೇ ಹೋಗಬೇಕು. ಉಳಿದವರು ಸರದಿ ಬಂದಾಗ ಕ್ಯಾಲೆಂಡರನ್ನು ಮೇಜಿನ ಮೇಲಿಟ್ಟು, “ಡಾಕ್ಟ್ರೇ, ನನಗೆ ಮುಟ್ಟಿನ ನೋವು” ಎಂದು ಅದರ ಹೆಸರಿನಿಂದಲೇ ಹೇಳಿದರಾಯಿತು.